ಗೋಪೀನಾಥರಾಯರ ಮಡಿನೀರು

ಸಂಡೂರಿನಿಂದ ಬುಕ್ಕಸಾಗರದವರೆಗೆ ಮದುವೆಗಳ ಪಟ ತೆಗೆದ ಗೋಪೀನಾಥರಾಯರು ಹೊಸಪೇಟೆಯಲ್ಲಿ ಹದಿನೈದು ವರ್ಷ ಸ್ಟುಡಿಯೊ ನಡೆಸಿದರು. ಆ ಹದಿನೈದು ವರ್ಷದಲ್ಲಿ ನೆಗೆಟಿವ್ ತೊಳೆಯುವುದನ್ನು ಮಾತ್ರ ಕಲಿಯಲಿಲ್ಲ. ಚಿತ್ರವನ್ನು ನಿಲ್ಲಿಸುವ ಹೈಪೊ ಎಂಬ ಲವಣ ಪೂರ್ತಿ ಬಿಟ್ಟುಹೋಗುವಂತೆ ಫಿಲ್ಮನ್ನು ಹರಿಯುವ ನೀರಿನಲ್ಲಿ ತೊಳೆಯಬೇಕೆಂದು ಫಿಲ್ಮ್ ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಅಚ್ಚಾಗಿರುತ್ತಿತ್ತು. ಹಿತ್ತಲಿನ ಹಿಂದೆಯೇ ಕಾಲುವೆ. ಆದರೆ ಅಲ್ಲಿ ಊರೆಲ್ಲ ಬಟ್ಟೆ ಒಗೆಯುತ್ತದೆ, ಮೈಲಿಗೆ! ರಾಯರಿಗೆ ಸ್ವತಃ ಸೇದಿದ ಬಾವಿಯ ಮಡಿನೀರೇ ಆಗಬೇಕು. ಸೇದುವುದಕ್ಕೋ ಮೈಗಳ್ಳತನ. ಆದ್ದರಿಂದ ಹನ್ನೆರಡು ನೆಗೆಟಿವಿಗೆ ಒಂದೇ ಕೊಡ. ಈ ಸೋಮಾರಿತನಕ್ಕೆ ಅವರಿಟ್ಟ ಹೆಸರು ಆಚಾರ.

1938ರ ಬೇಸಿಗೆಯಲ್ಲಿ ಕಂಪ್ಲಿಯ ಮರುಳಸಿದ್ದಮ್ಮ ಬಂದರು. ಅವರ ಮಗಳು ಪಂಪಮ್ಮ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ರಾಯರು ತೆಗೆದಿದ್ದ ಆಕೆಯ ಒಂದೇ ಪಟವನ್ನು ಗೆದ್ದಲು ತಿಂದಿತ್ತು. ತಾಯಿಯ ಮುಖವನ್ನೇ ಕಾಣದ ಮೊಮ್ಮಗಳಿಗಾಗಿ ಇನ್ನೊಂದು ಪ್ರತಿ ಬೇಕಾಗಿತ್ತು. ರಾಯರು ಹೊರತೆಗೆದ ನೆಗೆಟಿವ್ ಹಳದಿಗಟ್ಟಿ, ಅರ್ಧ ಮುಖ ಅಳಿಸಿಹೋಗಿತ್ತು.

“ಸತ್ತವರ ಪಟ ಹಿಂಗೇ ಮಾಸ್ತಾವ್ರಿ. ದೈವೇಚ್ಛಾ,” ಎಂದರು ರಾಯರು, ನಾಚಿಕೆಯಿಲ್ಲದೆ.

“ನಮ್ಮ ಮಾವ ಸತ್ತು ಇಪ್ಪತ್ತು ವರ್ಷ ಆತು. ಅವರ ಪಟದಾಗ ಮೀಸಿಕೂದಲು ಎಣಿಸಬೌದು!” ಎಂದರು ಮರುಳಸಿದ್ದಮ್ಮ.

ಬಳ್ಳಾರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ರಾಯರ ಭಾವಮೈದುನ ವೆಂಕೋಬ ಅಲ್ಲೇ ಇದ್ದ. ಆತ ಎರಡು ಬಟ್ಟಲುಗಳಿಗೆ ಅದೇ ಬಾವಿನೀರು ಹಾಕಿ, ಒಂದರಲ್ಲಿ ನೆಗೆಟಿವಿನ ಖಾಲಿ ಅಂಚಿನ ಚೂರನ್ನು ನೆನೆಸಿದ. ಕಾಲರಾ ಬಂದಾಗ ಬಾವಿಗೆ ಹಾಕುವ ಪರ್ಮಾಂಗನೇಟಿನ ಕೆಂಪು ದ್ರಾವಣದ ಒಂದೊಂದು ಹನಿಯನ್ನು ಎರಡಕ್ಕೂ ಬಿಟ್ಟ. ಬರೀ ನೀರಿನಲ್ಲಿ ಕೆಂಪು ನಿಂತಿತು. ಚೂರು ನೆನೆದ ನೀರಿನಲ್ಲಿ ಮಾಯವಾಯಿತು.

“ಭಾವ, ಹೈಪೊ ಇದ್ರ ಈ ಬಣ್ಣ ಹೋಗ್ತದ. ಫಿಲ್ಮಿನಾಗ ಅದು ಉಳದದ. ಚಿತ್ರದ ಬೆಳ್ಳೀನ ಅದೇ ತಿನ್ನಾಕತ್ತದ. ಹೋದದ್ದು ಬರೂದಿಲ್ಲ. ಈಗ ತೊಳದ್ರ ಉಳಿದರ್ಧ ಉಳೀತದ.”

“ನನ್ನ ಮಡಿನೀರಿಗೆ ಪರೀಕ್ಷಾನ? ನಿನ್ನ ಔಷಧಾನೇ ಕೆಟ್ಟದ!”

“ಕೆಟ್ಟಿದ್ರ ಈ ಬಟ್ಟಲದಾಗ ಬಣ್ಣ ಹೆಂಗ ನಿಂತತ್ರೀ ರಾಯರ?” ಎಂದರು ಮರುಳಸಿದ್ದಮ್ಮ.

ರಾಯರು ನೆಗೆಟಿವನ್ನು ಮತ್ತೆ ಲಕೋಟೆಗೆ ಸೇರಿಸತೊಡಗಿದರು. ಸತ್ತ ಹುಡುಗಿಯ ಮುಖ ಕರಗಿಹೋದರೂ ಸರಿ, ತಪ್ಪು ಒಪ್ಪಿಕೊಳ್ಳಲಾರದ ಜೀವ ಅದು. ಮರುಳಸಿದ್ದಮ್ಮ ಅದನ್ನು ಕಿತ್ತುಕೊಂಡು ವೆಂಕೋಬನ ಕೈಗಿಟ್ಟರು.

“ನಡೀರಿ ಮಾಸ್ತರ, ಕಾಲುವಿಗೆ. ನನ್ನ ಮಗಳಿಗೆ ಮೈಲಿಗಿ ಹತ್ತೂದಿಲ್ಲ.”

ಮರುದಿನ ವೆಂಕೋಬ ತೆಗೆದ ಪ್ರತಿಯಲ್ಲಿ ಒಂದು ಕಣ್ಣು, ಮೂಗುತಿ, ಅರ್ಧ ನಗೆ ಸ್ಪಷ್ಟವಾಗಿ ಮೂಡಿದವು. ಅಷ್ಟು ಹೊತ್ತೂ ಒಳಗೆ ಮುಖ ಮರೆಸಿಕೊಂಡಿದ್ದ ರಾಯರು ಹೊರಬಂದು, ಯಾರೂ ಕೇಳದಿದ್ದರೂ, ಪಟದ ಕೆಳಗೆ ತಮ್ಮ ಸ್ಟುಡಿಯೊದ ಮುದ್ರೆಯನ್ನು ಒತ್ತಿದರು.

ಮರುಳಸಿದ್ದಮ್ಮ ಮೇಜಿನ ಮೇಲಿದ್ದ ಕತ್ತರಿಯಿಂದ ಮುದ್ರೆಯಿದ್ದ ಅಂಚಿನ ಪಟ್ಟಿಯನ್ನು ಕತ್ತರಿಸಿ ರಾಯರ ಮುಂದಿಟ್ಟರು. ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಪ್ಲಿಯ ಬಸ್ಸು ಹತ್ತಿದರು.