ಕೈಯಲ್ಲೇ ಇದ್ದ ಗ್ರಾಫಿಕ್ಸ್ ಕಾರ್ಡು

ದೆವ್ವಗಳ ವಿಷಯದಲ್ಲಿ ನನಗೆ ಭಯ ಇತ್ತು, ನಂಬಿಕೆ ಇರಲಿಲ್ಲ. ಎರಡೂ ಒಟ್ಟಿಗೆ ಹೇಗೆ ಎಂದು ಕೇಳಬೇಡಿ. ನನ್ನ ಹೆಂಡತಿ ಕೇಳಿ ಕೇಳಿ ಸುಮ್ಮನಾಗಿದ್ದಾಳೆ. ಬಸ್ಸು ತಪ್ಪೀತು, ಬಿ.ಪಿ. ಏರೀತು, ಬೀಗ ಹಾಕಿದೆನೋ ಇಲ್ಲವೋ ಎಂದು ದಿನವಿಡೀ ಒದ್ದಾಡುವವನಿಗೆ ಸತ್ತವರ ಬಗ್ಗೆ ಚಿಂತಿಸಲು ಪುರುಸೊತ್ತಾದರೂ ಎಲ್ಲಿ? ಯಾರಾದರೂ ಇಂಥದ್ದೇನಾದರೂ ಹೇಳಿದರೆ, ಅವತ್ತು ಹೊಟ್ಟೆಗೆ ಏನು ತಿಂದಿದ್ದಿರಿ ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನು ಕೇಳಬಹುದು. ಮಂಡಕ್ಕಿ, ಮಿರ್ಚಿ. ಹೊತ್ತು ಮಟಮಟ ಮಧ್ಯಾಹ್ನ.

ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಫ್ಲೆಕ್ಸ್ ಬ್ಯಾನರುಗಳ ಡಿಸೈನ್ ಮಾಡುತ್ತೇನೆ. ಹರಿಹರದ ಬಸವರಾಜ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ನನ್ನ ಕಂಪ್ಯೂಟರ್ ಕೆಟ್ಟರೆ ಅವನು, ಅವನದು ಕೆಟ್ಟರೆ ನಾನು, ಹೀಗೆ ನಮ್ಮ ಸ್ನೇಹ ಬಹಳ ವರ್ಷ ನಡೆದಿತ್ತು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಅವನ ಉತ್ತರಕ್ರಿಯೆಯ, ಎಂದರೆ ಶಿವಗಣಾರಾಧನೆಯ, ಹಿಂದಿನ ದಿನ ಅವನ ಹೆಂಡತಿ ಗಿರಿಜಕ್ಕ ಫೋನ್ ಮಾಡಿದರು. ಬ್ಯಾನರಿಗೆ ಫೋಟೋ ಇಲ್ಲ! ಊರವರ ಮದುವೆಯನ್ನೆಲ್ಲ ಸೆರೆಹಿಡಿದ ಮನುಷ್ಯ ತನ್ನ ಕಡೆ ಯಾರಾದರೂ ಮೊಬೈಲ್ ಎತ್ತಿದರೆ ಮುಖ ತಿರುಗಿಸುತ್ತಿದ್ದ. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿ ಇರಬಾರದು ಎನ್ನುವುದು ಅವನ ಕಸುಬಿನ ನೇಮ.

"ಆಧಾರ್ ಕಾರ್ಡಿಂದು ಐತೆ ಅಣ್ಣಾರೆ. ಅದನ್ನ ಹಾಕಿದ್ರೆ ಬಂದೋರು ಇವ್ನ್ಯಾವ ಕಳ್ಳ ಅಂತಾರೆ," ಎಂದರು ಗಿರಿಜಕ್ಕ. ನಗಲು ಹೋಗಿ ಅತ್ತರು. "ನನ್ನ ತಂಗಿ ಮಗಳ ಮದುವ್ಯಾಗ ಯಾರೋ ಇವರ ಕಡಿಗೇ ಕ್ಯಾಮೆರಾ ತಿರುಗ್ಸಿದ್ರಂತೆ. ಆ ವಿಡಿಯೋ ಕಂಪ್ಯೂಟರ್‌ನ್ಯಾಗ ಐತೆ ಅಂತ ಇವ್ರೇ ಹೇಳಿದ್ರು. ಆದ್ರೆ ಟಿವಿ ಹತ್ತವಲ್ದು. ಬರ್ರಿ."

ಟಿವಿ ಎಂದರೆ ಮಾನಿಟರು. ಹೋದೆ. ಬಟನ್ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ನನ್ನ ಅನುಭವದಲ್ಲಿ ಇದು ಹತ್ತಕ್ಕೆ ಎಂಟು ಸಲ ಗ್ರಾಫಿಕ್ಸ್ ಕಾರ್ಡಿನ ತಕರಾರು. ಅದರ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ, ಬಿಚ್ಚಿ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಪ್ಲಗ್ ಕಿತ್ತೆ. ಕಿತ್ತಿದ್ದೇನೆಯೇ ಎಂದು ಮತ್ತೊಮ್ಮೆ ಬಗ್ಗಿ ನೋಡಿದೆ, ನಾನು ಅಂಥವನೇ. ಮಾನಿಟರಿನ ಕೇಬಲ್ ಬಿಚ್ಚಿದೆ. ಸ್ಕ್ರೂ ತೆಗೆದು, ಕೊಂಡಿ ಒತ್ತಿ, ಕಾರ್ಡು ಹೊರಗೆಳೆದೆ. ಧೂಳು ಕಂಬಳಿಯಂತೆ ಎದ್ದುಬಂತು. ಶಾಲೆ ಮಕ್ಕಳ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ತಿಕ್ಕಿದೆ.

ಮತ್ತೆ ಕೂರಿಸುವ ಮೊದಲು ಒಂದು ಪರೀಕ್ಷೆ ಉಂಟು. ಕಾರ್ಡಿಲ್ಲದೆ ಆನ್ ಮಾಡಿದರೆ ಒಳಗಿನ ಮದರ್‌ಬೋರ್ಡು ಬೀಪ್ ಬೀಪ್ ಎಂದು ಕೂಗಬೇಕು. ಕೂಗಿದರೆ ಬೋರ್ಡು ಜೀವಂತ ಇದೆ ಎಂದರ್ಥ. ಅವನ ಕಂಪ್ಯೂಟರಿಗೆ ಆ ಕಾರ್ಡು ಬಿಟ್ಟರೆ ಚಿತ್ರ ತೋರಿಸುವ ಬೇರೆ ದಾರಿ ಇರಲಿಲ್ಲ. ಅದನ್ನು ಜೋಡಿಸಿಕೊಟ್ಟವನು ನಾನೇ. ಬಲಗೈಯಲ್ಲಿ ಕಾರ್ಡು ಹಿಡಿದುಕೊಂಡೇ ಪ್ಲಗ್ ಹಾಕಿ ಬಟನ್ ಒತ್ತಿದೆ.

ಬೀಪ್ ಬರಲಿಲ್ಲ. ಪರದೆ ಬೆಳಗಿತು.

ಕಲ್ಯಾಣ ಮಂಟಪದ ಊಟದ ಹಾಲ್. ಬಸವರಾಜ ಕಂಬಕ್ಕೆ ಒರಗಿ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಈ ಕಡೆ ನೋಡಿದ. ಕೈ ಅಡ್ಡ ಹಿಡಿದು ಬ್ಯಾಡ ಬ್ಯಾಡ ಎಂದವನು, ಆಮೇಲೆ ಸೋತವನಂತೆ ಕೈ ಇಳಿಸಿ ನಕ್ಕ. ಸದ್ದಿರಲಿಲ್ಲ. ನಾನು ಬಿಚ್ಚಿದ್ದ ಕೇಬಲ್ಲಿನ ತುದಿ ಮೇಜಿನ ಪಕ್ಕ ನೇತಾಡುತ್ತಿರುವುದು ನನಗೆ ಕಾಣುತ್ತಿತ್ತು.

"ಬಂತಲ್ರೀ!" ಎನ್ನುತ್ತ ಗಿರಿಜಕ್ಕ ಅಡುಗೆಮನೆಯಿಂದ ಬಂದರು. ಆಫ್ ಮಾಡಬೇಕು ಎನಿಸಿ ಕೈ ಮುಂದೆ ಮಾಡಿದೆ.

"ಇರ್ರಿ, ಆರಿಸಬ್ಯಾಡ್ರಿ. ನೋಡ್ತೀನಿ ತಡೀರಿ."

ಅವರ ಕಣ್ಣು ಪರದೆ ಬಿಟ್ಟು ಬೇರೆಲ್ಲೂ ಇರಲಿಲ್ಲ. ಕೇಬಲ್ ನೋಡಲಿಲ್ಲ, ನನ್ನ ಕೈ ನೋಡಲಿಲ್ಲ. ಹೇಳಿದರೆ ಹೆದರುತ್ತಾರೆ, ಕಾರ್ಡು ಕೂರಿಸಲು ಹೋದರೆ ಕರೆಂಟು ತೆಗೆಯಬೇಕು, ತೆಗೆದರೆ ಅವನು ಹೋಗುತ್ತಾನೆ. ಮಂತ್ರಿಗಳು ಬರುವ ತನಕ ಹಾರ ಹಿಡಿದು ನಿಂತ ಕಾರ್ಯಕರ್ತನ ಹಾಗೆ ಕಾರ್ಡು ಹಿಡಿದು ನಿಂತೆ. ಅವನು ನಗುತ್ತಲೇ ಇದ್ದ. ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಮೊಬೈಲ್ ಎತ್ತಿ, ಪರದೆಯ ಫೋಟೋ ತೆಗೆದರು.

"ಎಷ್ಟು ಸೊರಗಿದ್ರು ನೋಡ್ರಿ. ಹೊಟ್ಟಿಗೆ ಹೊತ್ತಿಗೆ ಸರಿಯಾಗಿ ತಿಂದಿದ್ರೆ ತಾನೆ," ಎಂದು ಅವನನ್ನೇ ಬೈದರು. ಸ್ವಲ್ಪ ಹೊತ್ತಿನ ಮೇಲೆ, "ಸಾಕು ಬಿಡ್ರಿ," ಎಂದರು. ನಾನು ಏನನ್ನೂ ಮುಟ್ಟಲಿಲ್ಲ. ಪರದೆ ತಾನಾಗಿಯೇ ಕಪ್ಪಾಯಿತು. ಆಗ ಬೋರ್ಡು ಬೀಪ್ ಬೀಪ್ ಎಂದು ಕೂಗತೊಡಗಿತು.

ಆಮೇಲೆ ಕಾರ್ಡು ಕೂರಿಸಿದೆ, ಬಿಚ್ಚಿದೆ, ಮತ್ತೆ ಕೂರಿಸಿದೆ. ಏನೂ ಬರಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ದಾವಣಗೆರೆಗೆ ತಂದು ನನ್ನ ಕಂಪ್ಯೂಟರಿಗೆ ಹಾಕಿದೆ. ತಂಗಿಯ ಮಗಳ ಮದುವೆ ಪೂರ್ತಿ ಇತ್ತು. ದೇವರ ಕಾರ್ಯದಿಂದ ಹಿಡಿದು ಹೆಣ್ಣು ಒಪ್ಪಿಸಿಕೊಡುವ ತನಕ ನೋಡಿದೆ. ಬಸವರಾಜ ಎಲ್ಲೂ ಇರಲಿಲ್ಲ. ಊಟದ ಹಾಲಿನಲ್ಲಿ ಕಂಬ ಇತ್ತು, ಒರಗಿದವರು ಯಾರೂ ಇಲ್ಲ.

ಕೊನೆಗೆ ಗಿರಿಜಕ್ಕ ಕಳಿಸಿದ ಮೊಬೈಲ್ ಫೋಟೋವನ್ನೇ ಬ್ಯಾನರಿಗೆ ಬಳಸಿದೆ. ಬಹುಶಃ ಗಾಬರಿಯಲ್ಲಿ ಕಾರ್ಡು ಕೂರಿಸಿ ಮರೆತಿದ್ದೆ ಎಂದು ಅಷ್ಟು ಹೊತ್ತಿಗೆ ನನ್ನನ್ನು ನಾನೇ ಒಪ್ಪಿಸಿದ್ದೆ. ಚಿತ್ರ ಹಿಗ್ಗಿಸಿದಾಗ, ಕಪ್ಪಗಿದ್ದ ಮೂಲೆಯಲ್ಲಿ ಮಾನಿಟರಿನ ಗಾಜಿನ ಮೇಲೆ ಕಿಟಕಿಯ ಬೆಳಕು, ನನ್ನ ಹೊಟ್ಟೆ, ನನ್ನ ಕೈ. ಕೈಯಲ್ಲಿ ಕಾರ್ಡು. ಅದರ ಫ್ಯಾನಿನ ರೆಕ್ಕೆಗಳೂ ಕಾಣುತ್ತಿದ್ದವು. ಬ್ಯಾನರಿನಲ್ಲಿ ನಾನು ಇರಬಾರದಲ್ಲ, ಅಳಿಸಿದೆ. ಅವಸರದಲ್ಲಿ ಕೆಲಸ ಸ್ವಲ್ಪ ಒರಟಾಯಿತು.

ಬಂದವರೆಲ್ಲ ಫೋಟೋ ನೋಡಿ, ಎದುರಿಗೇ ನಿಂತು ನಕ್ಕಂಗೆ ಐತೆ ಎಂದರು. ನಾನು ಪ್ರಸಾದ ಮುಗಿಸಿ ಬೇಗ ಬಸ್ಸು ಹಿಡಿದೆ.

ಗಿರಿಜಕ್ಕ ಆ ಕಂಪ್ಯೂಟರನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಆಗಾಗ ಫೋನ್ ಮಾಡುತ್ತಾರೆ. "ಮಾತು ಕೇಳಿಸ್ಲಿಲ್ಲ ಅವತ್ತು. ಇವ್ರು ಏನೋ ಅಂದ್ರು. ಇನ್ನೊಂದ್ಸಲ ಬಂದು ಅವತ್ತು ಮಾಡಿದಂಗೇ ಮಾಡ್ರಿ ಅಣ್ಣಾರೆ," ಎನ್ನುತ್ತಾರೆ. ಬರ್ತೀನಿ ಬಿಡಕ್ಕ ಎನ್ನುತ್ತೇನೆ. ಅವತ್ತು ನಾನು ಏನು ಮಾಡಿದೆ ಎನ್ನುವುದು ನನಗೆ ಗೊತ್ತಿದ್ದರಲ್ಲವೇ?