ಒಂಬತ್ತು ಇಂಚು ಕಡಿಮೆಯ ಮಂಚ

ಮನೆ ಕಟ್ಟಿಸಿ ಮಾರುವ ನಮ್ಮ ಕಂಬನಿಗೆ ಅರವತ್ತು ತುಂಬುತ್ತದೆಯಂತೆ. ಅದಕ್ಕೊಂದು ಸ್ಮರಣ ಸಂಚಿಕೆ ಬೇರೆ. ಅವನ ಆಫೀಸಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, "ನೀವು ಸಾರ್ ಜೊತೆ ಹತ್ತೊಂಬತ್ತು ವರ್ಷ ಇದ್ದೋರು. ಬಡಗಿ ಕೆಲಸದ ಬಗ್ಗೆ, ಸಾರ್ ಬಗ್ಗೆ ಎರಡು ಪುಟ ಒಳ್ಳೆ ನೆನಪು ಬರ್ಕೊಡಿ" ಎಂದಳು. ಒಳ್ಳೆಯದು ಇಲ್ಲವೆಂದಲ್ಲ. ಕಂಬ ಸಂಬಳ ತಡ ಮಾಡಿದವನಲ್ಲ, ಕೆಲಸಗಾರರಿಗೆ ಬೈದವನಲ್ಲ. ಅಲ್ಲಿಗೆ ಒಳ್ಳೆಯದು ಮುಗಿಯಿತು. ಉಳಿದ ಜಾಗ ಖಾಲಿ ಬಿಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಅಚ್ಚು ಹಾಕುವುದಿಲ್ಲವೆಂದು ಗೊತ್ತು.

ಕಂಬ ಎನ್ನುವುದು ನಾವು ಕೆಲಸಗಾರರು ಇಟ್ಟ ಹೆಸರು. ಆರಡಿ ಮೂರಿಂಚಿನ ಆಳು. ಎದುರಿಗೆ ಸಾರ್, ಬೆನ್ನ ಹಿಂದೆ ಕಂಬ. ಇವತ್ತು ಊರಿನ ಯಾವ ಮೂಲೆಯಲ್ಲಿ ನಿಂತು ಕತ್ತೆತ್ತಿದರೂ ಅವನು ಕಟ್ಟಿಸಿದ ಕಟ್ಟಡ ಬಿಸಿಲಿಗೆ ಅಡ್ಡ ನಿಂತಿರುತ್ತದೆ. ಶುರುವಾದದ್ದು ಮಾತ್ರ ಒಂದು ಹಳೇ ಸೈಕಲ್ಲಿನಿಂದ, ಬಾಡಿಗೆ ಮನೆ ತೋರಿಸುವ ದಲ್ಲಾಳಿಯಾಗಿ. ಕತ್ತಲೆ ಮನೆಯಾದರೆ ಬಿಸಿಲು ಒಳಗೆ ಬೀಳುವ ಅರ್ಧ ಗಂಟೆಯಲ್ಲೇ ತೋರಿಸುತ್ತಿದ್ದ. ಸಾಧಾರಣ ಮನೆಯಾದರೆ ಮೊದಲು ಎರಡು ಹಾಳು ಮನೆ ಸುತ್ತಿಸಿ, ಗಿರಾಕಿ ಸುಸ್ತಾದ ಮೇಲೆ ಅಲ್ಲಿಗೆ ಕರೆತರುತ್ತಿದ್ದ. ಅಂಗೈಯಲ್ಲಿ ಅರಮನೆ ತೋರಿಸುವ ವಿದ್ಯೆ ಅವನಿಗೆ ಸೈಕಲ್ ತುಳಿಯುವಾಗಲೇ ಬಂದಿತ್ತು.

ಅವನ ಮೊದಲ ಕಟ್ಟಡ ಮೇಲೇಳುತ್ತಿದ್ದಾಗ ನನ್ನ ಅಂಗಡಿಗೆ ಬಂದ. ಒಂದು ಚೀಟಿ ಕೊಟ್ಟು, ಆರಡಿ ಮೂರಿಂಚಿನ ಬದಲು ಐದೂವರೆ ಅಡಿಯ ಮಂಚ ಬೇಕೆಂದ.

"ಮಕ್ಕಳಿಗಾ ಸಾರ್?"

"ಗಿರಾಕಿಗಳಿಗೆ. ಜನ ಗೋಡೆ ನೋಡಲ್ಲ ಮೇಸ್ತ್ರಿ, ಸಾಮಾನು ನೋಡ್ತಾರೆ. ಸಾಮಾನು ಕುಗ್ಗಿದ್ರೆ ಕೋಣೆ ತಾನಾಗೇ ಹಿಗ್ಗುತ್ತೆ."

ಜನಕ್ಕೆ ತೋರಿಸಲು ಸಿಂಗರಿಸಿ ಇಡುವ ಮಾದರಿ ಮನೆಯ ಗುಟ್ಟು ಇದು. ಮಂಚ ಒಂದೇ ಕುಗ್ಗಿದರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಸೋಫಾ, ಊಟದ ಮೇಜು, ಬೀರು, ದಿಂಬು, ಗೋಡೆಯ ಚಿತ್ರದ ಚೌಕಟ್ಟು, ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕುಗ್ಗಿಸಿದೆ. ಕೋಣೆಗಳ ಬಾಗಿಲು ಕಳಚಿಟ್ಟೆವು. ಕೇಳಿದವರಿಗೆ ಪಾಲಿಶ್ ಒಣಗುತ್ತಿದೆ ಎಂದು ಹೇಳುವುದು. ಮನೆ ತೋರಿಸಲು ಅವನು ಇಟ್ಟುಕೊಂಡ ಹುಡುಗಿಯರಲ್ಲಿ ಒಬ್ಬಳೂ ಐದಡಿ ದಾಟಿರಲಿಲ್ಲ. ಎಷ್ಟೇ ಓದಿರಲಿ, ಎತ್ತರದವಳಿಗೆ ಅಲ್ಲಿ ಕೆಲಸವಿಲ್ಲ. ಇನ್ನು ಕಂಬ ಗಿರಾಕಿಗಳಿರುವಾಗ ಹೊಸ್ತಿಲು ದಾಟುತ್ತಲೇ ಇರಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ಹೊರಗೇ ನಿಂತಿರುತ್ತಿದ್ದ. ಅವನು ಆ ಸೋಫಾದ ಮೇಲೆ ಒಂದು ಸಲ ಕೂತಿದ್ದರೆ ಬಣ್ಣ ಬಯಲಾಗುತ್ತಿತ್ತು. ಜನ ಮಾತ್ರ, "ಎಷ್ಟು ದೊಡ್ಡ ಮನುಷ್ಯ, ಎಷ್ಟು ಸಂಕೋಚ ನೋಡಿ" ಎಂದುಕೊಂಡು ಒಳಗೆ ಹೋಗುತ್ತಿದ್ದರು.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ನನಗೆ ಆ ಕೆಲಸದ ಮೇಲೆ ಹೆಮ್ಮೆಯೂ ಇತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಂಚುಗಳನ್ನು ತೆಗೆಯುತ್ತೇನೆ ಎಂದು ಬೀಗುತ್ತಿದ್ದೆ. ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸುತ್ತದೆ.

ನನ್ನ ಅಕ್ಕನ ಗಂಡ ಬಸ್ ಡ್ರೈವರ್. ಭಾವನೂ ಎತ್ತರದ ಆಳೇ, ಆರಡಿ. ಒಂದು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವರ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಬಾಲ್ಕನಿ ಇಲ್ಲ. ದಿನಕ್ಕೆ ನೂರಾರು ಜನರನ್ನು ಊರು ಸುತ್ತಿಸುತ್ತಿದ್ದ ಮನುಷ್ಯ ಎರಡು ವರ್ಷ ಬೀದಿಯನ್ನೇ ನೋಡಲಿಲ್ಲ. ಆ ಮನೆ ಮಾರಿ ಬೇರೆ ಕಡೆ ಹೋಗಬೇಕೆಂದು ಅಕ್ಕ ಹುಡುಕುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: "ಅವರು ಯಾರನ್ನೂ ಕರೀದೆ, ತಾವೇ ಕುರ್ಚಿ ತಳ್ಕೊಂಡು ಬಾಲ್ಕನಿಗೆ ಹೋಗೋ ಹಾಗಿರ್ಬೇಕು."

ಒಂದು ದಿನ ನಾನು ಮಾದರಿ ಮನೆಯಲ್ಲಿ ಬೀರುವಿನ ಸಡಿಲವಾದ ಕೀಲು ಬಿಗಿಯುತ್ತಿದ್ದೆ. ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು.

"ಅಯ್ಯೋ ಮರಿ, ಇದು ನೀನು ಕೆಲ್ಸ ಮಾಡೋ ಜಾಗಾನಾ?"

ನನಗೆ ಐವತ್ತು ದಾಟಿದ್ದರೂ ನಾನು ಅವಳಿಗೆ ಮರಿಯೇ. ಅವಳು ಮಂಚ ಸವರಿದಳು. ಮಂಚದ ಕಾಲ್ದೆಸೆಯಲ್ಲಿ ನಿಂತು, ಅಲ್ಲಿಂದ ಗೋಡೆಯವರೆಗೆ ಕೈಚಾಚಿ ನೋಡಿದಳು. ಬಾಲ್ಕನಿಗೆ ದಾರಿ ಅದೊಂದೇ.

"ಮಂಚ ನಿಂದೇ ಅಲ್ವಾ? ಹಾಗಿದ್ರೆ ನೀನೇ ಹೇಳು. ಇಲ್ಲಿ ಭಾವನ ಗಾಲಿಕುರ್ಚಿ ಹೋಗುತ್ತಾ?"

ಬಾಗಿಲಲ್ಲಿ ಕಂಬ ನಿಂತಿದ್ದ. ಹೊಸ ಕಟ್ಟಡದ ನಾನೂರು ಬಾಗಿಲುಗಳ ಕೆಲಸ ನನಗೇ ಎಂದು ಅದೇ ವಾರ ಹೇಳಿದ್ದ. ಕಿವಿಯಿಂದ ಫೋನ್ ಇಳಿಸಿ ನನ್ನನ್ನೇ ನೋಡಿದ. ಹೆದರಿಸಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ.

"ಹೋಗುತ್ತೆ ಅಕ್ಕ" ಎಂದೆ.

"ತಮ್ಮನೇ ಹೇಳಿದ ಮೇಲೆ ಇನ್ನೇನಮ್ಮ ಯೋಚನೆ" ಎಂದು ಕಂಬ ಹೊಸ್ತಿಲಾಚೆಯಿಂದಲೇ ನಕ್ಕ.

ಸಂಜೆ ಹೋಗಿ ನಿಜ ಹೇಳೋಣ ಅಂದುಕೊಂಡೆ. ಸಂಜೆ ನಾಳೆಯಾಯಿತು, ನಾಳೆ ಮುಂದಿನ ವಾರವಾಯಿತು. ಅಷ್ಟರಲ್ಲಿ ಅವಳು ಹಳೇ ಮನೆ ಮಾರಿ ಕಾಗದಕ್ಕೆ ರುಜು ಹಾಕಿಯಾಗಿತ್ತು.

ಹೊಸ ಮನೆಗೆ ಅವರ ಜೊತೆ ಬಂದದ್ದು ನಮ್ಮಪ್ಪ ಅಕ್ಕನ ಮದುವೆಗೆಂದು ಮಾಡಿಕೊಟ್ಟ ತೇಗದ ಮಂಚ, ಆರಡಿ ಮೂರಿಂಚಿನದು. ಕೋಣೆ ಎಂಟಡಿ. ಉಳಿದದ್ದು ಇಪ್ಪತ್ತೊಂದು ಇಂಚು. ಗಾಲಿಕುರ್ಚಿಯ ಅಗಲ ಇಪ್ಪತ್ತೈದು. ಮಂಚ ತಿರುಗಿಸಿ ಹಾಕಿದರೆ ಬಚ್ಚಲಿನ ಬಾಗಿಲು ತೆರೆಯುವುದಿಲ್ಲ. ಭಾವ ಎರಡು ಸಲ ಕುರ್ಚಿಯನ್ನು ಜೋರಾಗಿ ನೂಕಿದರು. ಗೋಡೆಗೆ ಉಜ್ಜಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಬಂತು.

"ಇರ್ಲಿ ಬಿಡು, ಇಲ್ಲಿಂದಾನೂ ಸ್ವಲ್ಪ ಆಕಾಶ ಕಾಣುತ್ತೆ" ಎಂದರು.

ಮರುದಿನ ಬೆಳಿಗ್ಗೆಯೇ ಕಂಬನ ಆಫೀಸಿಗೆ ಹೋದೆ. ಅದೇ ಕಟ್ಟಡದಲ್ಲಿ ಒಂದಡಿ ದೊಡ್ಡ ಕೋಣೆಯ ಮನೆಗಳು ಮಾರಾಟವಾಗದೆ ಉಳಿದಿದ್ದವು. ಒಂದನ್ನು ಬದಲಾಯಿಸಿಕೊಡಿ ಎಂದು ಕೇಳಿದೆ. ಕೇಳಿದೆ ಏನು, ಕೈಮುಗಿದೆ.

"ಕಾಗದದಲ್ಲಿ ಎಂಟಡಿ ಅಂತ ಬರೆದಿದೆ, ಕೊಟ್ಟಿರೋದು ಎಂಟಡಿ. ಒಂದಿಂಚು ಕದ್ದಿದ್ರೆ ತೋರ್ಸು" ಎಂದ. "ಕುರ್ಚಿ ಹೋಗುತ್ತೆ ಅಂತ ನಾನು ಹೇಳಿದ್ನಾ ಮೇಸ್ತ್ರಿ? ಹೇಳಿದೋನು ನೀನು."

ಅವನೇ ಮುಂದುವರಿಸಿದ: "ದೊಡ್ಡೋರು ಸುಮ್ನೆ ಹೇಳಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ."

ಕಾಲಿನ ಸ್ವಾಧೀನ ಕಳೆದುಕೊಂಡವನ ವಿಷಯದಲ್ಲಿ ಈ ಗಾದೆ ಹೇಳಿ, ಮೇಜಿನ ಕೆಳಗೆ ತನ್ನ ಉದ್ದನೆಯ ಕಾಲುಗಳನ್ನು ಆರಾಮವಾಗಿ ಚಾಚಿಕೊಂಡ. ಅವನ ಸ್ವಂತ ಮನೆಯ ಮಂಚ ಏಳಡಿ. ಅದನ್ನು ಮಾಡಿದವನೂ ನಾನೇ. ಅವತ್ತೇ ಕೆಲಸ ಬಿಟ್ಟೆ. ಮೂರನೇ ದಿನಕ್ಕೆ ಅವನಿಗೆ ಇನ್ನೊಬ್ಬ ಬಡಗಿ ಸಿಕ್ಕಿದ. ಪಾಪದ ಕೊಡ ತುಂಬುತ್ತದೆ ಎನ್ನುವವರು ಕಂಬನನ್ನು ನೋಡಬೇಕು. ಆಮೇಲೆ ಅವನು ಆರು ಕಟ್ಟಡ ಕಟ್ಟಿಸಿದ.

ಒಂದು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು. "ಬರುವಾಗ ಗರಗಸ ತಗೊಂಬಾ ಮರಿ."

ಹೋದಾಗ ಹಾಸಿಗೆ ತೆಗೆದು ಮಂಚ ಬರಿದು ಮಾಡಿಟ್ಟಿದ್ದಳು. ಒಂಬತ್ತು ಇಂಚು ಎಷ್ಟು ಎಂದು ಅವಳೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಭಾವ ಹಜಾರದಲ್ಲಿ ಮಂಚಕ್ಕೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡು ಕೂತಿದ್ದರು.

"ಅಪ್ಪ ಮಾಡಿದ್ದು ಅಕ್ಕ, ಕೈ ಬರಲ್ಲ. ಹೊಸದು ಮಾಡ್ಕೊಡ್ತೀನಿ" ಎಂದೆ.

"ಅವರು ಕಾಲು ನೀಡಿ ಮಲಗೋ ಹಾಗಿದ್ರೆ ಹೊಸದೂ ಇಷ್ಟೇ ಉದ್ದ ಆಗುತ್ತೆ. ಜಾಗ ಎಲ್ಲಿದೆ?"

ಮಂಚದ ಕಾಲುಗಳನ್ನು ಬಿಚ್ಚಿ ಪಕ್ಕದ ಪಟ್ಟಿಗೆ ಗರಗಸ ಇಟ್ಟೆ. ಪಟ್ಟಿ ಅಲುಗದಂತೆ ಅಕ್ಕ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅರ್ಧ ಕೊಯ್ದಾಗ ತಲೆ ಎತ್ತದೆ ಕೇಳಿದಳು: "ಅವತ್ತು ನಿನಗೆ ಗೊತ್ತಿತ್ತಾ?"

ಗರಗಸ ನಿಂತಿತು.

"ಗೊತ್ತಿತ್ತು ಅಕ್ಕ."

ಅವಳು ಪಟ್ಟಿಯಿಂದ ಕೈ ತೆಗೆಯಲಿಲ್ಲ. "ಕೊಯ್ಯಿ" ಎಂದಳು.

ಈಗ ಭಾವ ಯಾರನ್ನೂ ಕರೆಯದೆ ಬಾಲ್ಕನಿಗೆ ಹೋಗುತ್ತಾರೆ. ಕೆಳಗೆ ಹೋಗುವ ಬಸ್ಸುಗಳ ನಂಬರು ಓದಿ ಅಕ್ಕನಿಗೆ ಹೇಳುತ್ತಾರೆ. ಮಲಗಿಸುವಾಗ ಅಕ್ಕ ಅವರ ಮೊಣಕಾಲು ಮಡಚಿ ಅಡಿಯಲ್ಲಿ ದಿಂಬು ಕೊಡುತ್ತಾಳೆ, ಬೆಳಿಗ್ಗೆ ಬಿಡಿಸಿ ನೀವುತ್ತಾಳೆ. ನಾನು ಹೋದಾಗ ಕುರ್ಚಿ ಹಾಕುತ್ತಾಳೆ, ಚಹಾ ಕೊಡುತ್ತಾಳೆ, ಮಕ್ಕಳು ಹೇಗಿದ್ದಾರೆಂದು ಕೇಳುತ್ತಾಳೆ. ಅವತ್ತಿನಿಂದ ಒಂದು ಸಲವೂ ನನ್ನನ್ನು ಮರಿ ಎಂದಿಲ್ಲ. ಹೆಸರು ಹಿಡಿದು ಕರೆಯುತ್ತಾಳೆ.