ಏಳೂವರೆಯ ಗೇಟು

ಸೋಮವಾರ, ಬೆಳಗ್ಗೆ ಏಳು ಇಪ್ಪತ್ತೈದು. ಭದ್ರಾವತಿಯ ಎರಕದ ಕಾರ್ಖಾನೆಯೊಂದರ ಗೇಟಿನ ಹೊರಗೆ ನಾನು, ನಮ್ಮಪ್ಪ ಮತ್ತು ಕೆಲಸ ಸಿಗಬಹುದೆಂದು ಕಾದಿದ್ದ ಏಳೆಂಟು ಜನ. ಒಳಗೆ ಹಾಜರಿ ಹಿಡಿಯುವ ಟೈಂಕೀಪರು. ನಾನು ಮೊದಲು ಕಂಡದ್ದು ಅವರ ಹೆಬ್ಬೆರಳನ್ನು. ಉಗುರು ನಡುವೆ ಸೀಳಿ ಕಪ್ಪಾಗಿತ್ತು. ಆ ಬೆರಳು ಜೇಬುಗಡಿಯಾರದ ಮುಚ್ಚಳವನ್ನು ಒತ್ತಿ ಹಿಡಿದಿತ್ತು. ಅದು ಮೂವತ್ತರ ದಶಕದ ಆರಂಭ. ನನಗೆ ಹತ್ತೊಂಬತ್ತು.

ಅವರು ಬರುವ ಮುಂಚೆ, ನಾಟಿಯ ದಿನಗಳಲ್ಲಿ ಅರ್ಧ ಜನ ಗದ್ದೆ ಕೆಲಸ ಮುಗಿಸಿಕೊಂಡು ಹತ್ತಕ್ಕೆ ಬಂದರೂ ನಡೆಯುತ್ತಿತ್ತು. ಬಂದ ತಿಂಗಳಲ್ಲೇ ಅವರು ತೀರ್ಮಾನ ಮಾಡಿದರು: ಏಳೂವರೆಗೆ ಕಾರ್ಖಾನೆಯ ಸೈರನ್ನಿನ ಕೂಗು ನಿಂತೊಡನೆ ಗೇಟಿಗೆ ಅಗುಳಿ, ಮೂರು ಸಲ ಹೊರಗುಳಿದವನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಅಂದು ನಾನು ಕೆಲಸಕ್ಕೆ ಸೇರಬೇಕಿತ್ತು. ಅಪ್ಪ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಸೋಮವಾರ ಏಳೂವರೆಗೆ ರಾಹುಕಾಲ ಶುರು. ಹೊಸ ಕೆಲಸಕ್ಕೆ ಆಗ ಕೈ ಹಚ್ಚಬಾರದು.

"ಒಂಬತ್ತಾಗ್ಲಿ ಸ್ವಾಮಿ, ಬರ್ತಾನೆ," ಎಂದ.

"ಕುಲುಮೆಗೆ ರಾಹುಕಾಲ ಇಲ್ಲ ಕಣಯ್ಯ."

"ನಮ್ಗೈತಲ್ಲ ಸ್ವಾಮಿ."

"ಹಂಗಾದ್ರೆ ಕೆಲ್ಸಾನೂ ರಾಹುನ್ನೇ ಕೇಳು."

ಕಾದಿದ್ದವರು ನಕ್ಕರು. ಟೈಂಕೀಪರು ಅವರಲ್ಲೊಬ್ಬನಿಗೆ, ಎತ್ತಿನಗಾಡಿ ಹೊಡೆಯುತ್ತಿದ್ದ ನನ್ನ ವಯಸ್ಸಿನವನಿಗೆ, ಬೆರಳು ಮಾಡಿದರು. ಅವನು ನುಗ್ಗಿದ. ಕೂಗು ನಿಂತಿತು. ಅಗುಳಿ ಬಿತ್ತು. ಒಂಬತ್ತರವರೆಗೂ ನಾವಿಬ್ಬರು ಅಲ್ಲೇ ನಿಂತಿದ್ದೆವು. ಗೇಟು ತೆಗೆಯಲಿಲ್ಲ.

ಮರುವರ್ಷ ಆರೂವರೆಗೇ ಹೋಗಿ ನಿಂತೆ, ಒಬ್ಬನೇ. "ರಾಹು ಬಿಟ್ನೇನೋ?" ಎಂದು ಕೇಳಿ ಒಳಗೆ ಬಿಟ್ಟರು. ಹನ್ನೆರಡು ವರ್ಷ ಅವರ ಕೈಕೆಳಗೆ ಟೈಂ ಆಫೀಸಿನಲ್ಲಿದ್ದೆ. ಒಂದು ದಿನವೂ ಅವರು ನನಗೆ ಇಷ್ಟವಾಗಲಿಲ್ಲ. ಹೊಳೆ ಉಕ್ಕಿತೆಂದರೂ, ಹೆಂಡತಿಗೆ ಹೆರಿಗೆಯೆಂದರೂ ಒಂದೇ ಮಾತು: "ಕತೆ ಸಂಜೆ ಹೇಳು." ಸಂಜೆ ಕೇಳುತ್ತಿರಲಿಲ್ಲ.

ಸುತ್ತಲ ಹಳ್ಳಿಗಳಲ್ಲಿ ಗದ್ದೆಯೋ ಗೇಟೋ ಎಂದು ಮನೆಮನೆಯೂ ತೀರ್ಮಾನಿಸಬೇಕಾಯಿತು. ಅಣ್ಣ ನೇಗಿಲ ಹಿಂದೆ ಉಳಿದ, ತಮ್ಮ ಕಾರ್ಖಾನೆಯ ಲೈನಿನ ಮನೆಗೆ ಹೋದ, ಒಲೆ ಎರಡಾಯಿತು. ಹೆಂಗಸರು ಹಾಲು ಕರೆಯುವುದೂ ಕೂಗಿಗೇ ಆಯಿತು. ಸೋಮವಾರ ಹೊಸದಾಗಿ ಸೇರುವವರು ಏಳಕ್ಕೇ ಬಂದು ಸುತ್ತಿಗೆಯನ್ನೊಮ್ಮೆ ಮುಟ್ಟಿ, ಕೆಲಸ ಆಗಲೇ ಶುರುವಾಯಿತು ಅಂದುಕೊಳ್ಳುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿ, ಆ ಅಗುಳಿ ನನಗೆ ಬಂದವು. ಎರಡು ವರ್ಷದೊಳಗೆ ತೀರಿಕೊಂಡರು, ಒಂದು ಭಾನುವಾರ ಸಂಜೆ. ಸೋಮವಾರ ಆರಕ್ಕೆ ಹೆಗಲು ಕೊಡಲು ಕಾರ್ಖಾನೆಯ ಹತ್ತು ಜನ ಹೋದೆವು. ಶಿವಮೊಗ್ಗದಿಂದ ಮಗಳು ಬಂದಾಗ ಏಳು ದಾಟಿತ್ತು. "ಇನ್ನು ರಾಹುಕಾಲ ಕಳೀಲಿ," ಎಂದರು ಮನೆಯ ಹಿರಿಯರು.

ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ಹೊರಟೆವು. ಕೂತಲ್ಲೇ ಉಳಿದವನು ಒಬ್ಬ. ನನ್ನ ಜಾಗಕ್ಕೆ ನುಗ್ಗಿದ್ದ ಆ ಗಾಡಿಯವನು.

"ಏಳೋ, ಹೊರಗುಳಿದ್ರೆ ನಿಂಗಿದು ಮೂರನೇ ಸಲ ಆಗುತ್ತೆ," ಎಂದೆ.

"ಅನ್ನ ಕೊಟ್ಟ ಮನುಷ್ಯ ಮಾರಾಯ. ಹೆಗಲು ಕೊಡೋಕೆ ಒಬ್ಬನಾದ್ರೂ ಬೇಡ್ವಾ?"

ಏಳೂವರೆಗೆ ಕೂಗು ನಿಂತಿತು. ಅಗುಳಿ ಹಾಕಿದೆ.

ಹನ್ನೊಂದಕ್ಕೆ ಅವನು ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು ಗೇಟಿನಾಚೆ ನಿಂತ. "ಮಣ್ಣು ಮಾಡಿ ನೇರ ಬಂದೆ. ತೆಗಿ ಮಾರಾಯ."

"ಕತೆ ಸಂಜೆ ಹೇಳು," ಎಂದೆ.

ಸಂಜೆ ಐದಕ್ಕೆ ಗೇಟು ತೆಗೆದಾಗ ಅವನು ಅಲ್ಲೇ ಕೂತಿದ್ದ. ಪಂಚೆ ಒಣಗಿತ್ತು. ನಾನು ಕೇಳಲಿಲ್ಲ. ಅವನ ಹೆಸರಿನ ಮೇಲೆ ಗೆರೆ ಎಳೆದು, ಪುಸ್ತಕವನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿದೆ.